ಅಮೃತಮತಿಗೆ ಬಿದ್ದ ಎರಡು ಏಟುಗಳು

ಜನ್ನನ ‘ಯಶೋಧರ ಚರಿತೆ’ (1209) ತರಗತಿಯಲ್ಲಿ ಪಾಠವಾದಾಗಲೆಲ್ಲ ವಿದ್ಯಾರ್ಥಿಗಳು ಕೇಳುವುದು ಒಂದೇ ಪ್ರಶ್ನೆ: ಉಜ್ಜಯಿನಿಯ ರಾಣಿ ಅಮೃತಮತಿಯು ರೂಪವಂತನಾದ ಯಶೋಧರನನ್ನು ಬಿಟ್ಟು ಕುರೂಪಿಯಾದ ಮಾವಟಿಗ ಅಷ್ಟಾವಂಕನಿಗೆ ಒಲಿದದ್ದೇಕೆ? ವಿಮರ್ಶೆಯೂ ಬಹುಮಟ್ಟಿಗೆ ಇದರ ಸುತ್ತಲೇ ಸುಳಿದಿದೆ. ಕಾಮನ ಮಾಯೆ, ವಿಧಿಯ ಆಟ, ಇರುಳಲ್ಲಿ ಕೇಳಿದ ಹಾಡಿನ ಮೋಡಿ ಎಂಬ ಉತ್ತರಗಳೂ ಸಿದ್ಧವಾಗಿವೆ. ಇದಕ್ಕಿಂತ ಕಠಿನವಾದ ಇನ್ನೊಂದು ಪ್ರಶ್ನೆಯನ್ನು ಕೇಳಿದವರು ವಿರಳ. ಏಟು ತಿಂದ ಮೇಲೂ ಅವಳು ಅವನನ್ನು ಏಕೆ ಬಿಡಲಿಲ್ಲ?

ಆ ಇರುಳು ಅರಸನ ಕಾರಣದಿಂದ ಅವಳು ತಡವಾಗಿ ಬರುತ್ತಾಳೆ. ಕೆರಳಿದ ಮಾವಟಿಗ ಅವಳನ್ನು ಮುಡಿ ಹಿಡಿದೆಳೆದು ಬಡಿಯುತ್ತಾನೆ. ಅವಳು ಅವನ ಕಾಲಿಗೆ ಬಿದ್ದು, ತಡವಾದುದಕ್ಕೆ ಕಾರಣ ಹೇಳಿ, ನೀನಿಲ್ಲದೆ ಬದುಕಲಾರೆನೆಂದು ಬೇಡಿಕೊಳ್ಳುತ್ತಾಳೆ. ಹೊಡೆದವನು ಸಮಾಧಾನಗೊಳ್ಳಬೇಕು, ಹೊಡೆಸಿಕೊಂಡವಳು ಸಮಾಧಾನ ಹೇಳಬೇಕು! ಜನ್ನ ಈ ತಿರುವುಮುರುವನ್ನು ಎಷ್ಟು ಸಂಕ್ಷೇಪವಾಗಿ ಹೇಳಿದ್ದಾನೆಂದರೆ, ರಾಣಿಯ ಪತನವನ್ನು ಹುಡುಕುವ ಓದುಗನಿಗೆ ಅವಳ ಭಯ ಕಾಣದೆಯೇ ಹೋಗಬಹುದು.

ತಾಯಿಮಗುವಿನ ಬಾಂಧವ್ಯವನ್ನು ಕುರಿತು ಜಾನ್ ಬೌಲ್ಬಿ, ಮೇರಿ ಏನ್ಸ್‌ವರ್ತ್ ನಡೆಸಿದ ವಿಚಾರವನ್ನು ಹೇಜನ್ ಮತ್ತು ಶೇವರ್ ಎಂಬ ಮನೋವಿಜ್ಞಾನಿಗಳು 1987ರಲ್ಲಿ ಪ್ರಣಯ ಸಂಬಂಧಗಳಿಗೂ ಅನ್ವಯಿಸಿದರು. ಕೈಬಿಟ್ಟುಹೋಗುವ ಅಂಜಿಕೆ ಮೊದಲೇ ಬೇರೂರಿದ್ದವರಲ್ಲಿ ಪೆಟ್ಟು ಬಿದ್ದಾಗ ಆ ಅಂಜಿಕೆಯೇ ಹೆಚ್ಚುತ್ತದೆ. ಅಂಜಿದ ಜೀವ ಆಸರೆಯನ್ನು ಅರಸುತ್ತದೆ. ಆಸರೆಯಾಗಿ ಉಳಿದಿರುವವನು ಹೊಡೆದವನೊಬ್ಬನೇ. ಕಾವ್ಯದ ಪಾತ್ರವನ್ನು ಮನೋವೈದ್ಯರ ಮುಂದೆ ಕೂರಿಸುವುದು ತರವಲ್ಲ, ಅಮೃತಮತಿಯ ಬಾಲ್ಯವನ್ನು ಕವಿ ಹೇಳಿಯೂ ಇಲ್ಲ. ಆದರೆ ಆ ಕಾಲಿಗೆ ಬೀಳುವಿಕೆಯನ್ನು ಬರಿಯ ಕಾಮವೆನ್ನುವುದಕ್ಕಿಂತ ಈ ವಿವರಣೆ ಹೆಚ್ಚು ನ್ಯಾಯವಾದುದು.

ಹಿಂಸಿಸುವವನ ಒಳಗನ್ನು ಜನ್ನ ‘ಅನಂತನಾಥ ಪುರಾಣ’ದಲ್ಲಿ (1230) ತೆರೆದು ತೋರಿಸಿದ್ದಾನೆ. ಗೆಳೆಯ ವಸುಷೇಣನ ಮನೆಗೆ ಅತಿಥಿಯಾಗಿ ಬಂದ ಚಂಡಶಾಸನ ಅವನ ಮಡದಿ ಸುನಂದೆಯನ್ನು ಕದ್ದೊಯ್ಯುತ್ತಾನೆ. ಅವಳು ಒಲಿಯದಿರಲು ಗಂಡನದೆಂದು ಮಾಯೆಯ ತಲೆಯೊಂದನ್ನು ತೋರಿಸುತ್ತಾನೆ. ಅದನ್ನು ಕಂಡೊಡನೆ ಅವಳ ಪ್ರಾಣ ಹೋಗುತ್ತದೆ. ಅವನೂ ಅವಳೊಡನೆ ಚಿತೆಯೇರುತ್ತಾನೆ. ಇದನ್ನು ಅಪೂರ್ವ ಪ್ರೇಮವೆಂದು ಮೆಚ್ಚಿದವರೂ ಉಂಟು. ಬದುಕಿದ್ದಾಗ ಅವಳ ‘ಒಲ್ಲೆ’ ಎಂಬ ಮಾತನ್ನು ಕೇಳದವನ ಚಿತಾಪ್ರವೇಶವೂ ಅವಳ ಬೆನ್ನಟ್ಟುವಿಕೆಯೇ ಅಲ್ಲವೆ?

ಈ ಎರಡು ಪ್ರಸಂಗಗಳನ್ನೂ ನಡೆಸುವುದು ಮದ್ಯವಲ್ಲ. ಅಷ್ಟಾವಂಕನ ಏಟಿಗೆ ಕುಡಿತದ ನೆಪವಿಲ್ಲ, ತಡವಾಯಿತೆಂಬುದೊಂದೇ ಕಾರಣ. ಆದರೂ ಜೈನ ಕರ್ಮಶಾಸ್ತ್ರ ಇಲ್ಲಿ ಮದ್ಯವನ್ನು ನೆನೆಯುತ್ತದೆ. ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ ‘ಗೊಮ್ಮಟಸಾರ’ ಎಂಟು ಕರ್ಮಗಳಿಗೆ ಎಂಟು ಹೋಲಿಕೆಗಳನ್ನು ಕೊಡುವಾಗ ಮೋಹನೀಯಕ್ಕೆ ಆರಿಸಿದ್ದು ಮದ್ಯವನ್ನೇ. ಅಮೃತಚಂದ್ರಸೂರಿಯ ‘ಪುರುಷಾರ್ಥಸಿದ್ಧ್ಯುಪಾಯ’ವು ಮದ್ಯದಿಂದ ಮನಸ್ಸು ಮೋಹಗೊಳ್ಳುತ್ತದೆ, ಮೋಹಗೊಂಡವನು ಧರ್ಮವನ್ನು ಮರೆಯುತ್ತಾನೆ, ಮರೆತವನು ಅಳುಕಿಲ್ಲದೆ ಹಿಂಸೆಗಿಳಿಯುತ್ತಾನೆ ಎಂದು ಸರಪಳಿಯನ್ನೇ ಕಟ್ಟುತ್ತದೆ. ಅದೇ ಗ್ರಂಥ ರಾಗಾದಿಗಳು ಹುಟ್ಟುವುದೇ ಹಿಂಸೆಯೆಂದೂ ಸಾರುತ್ತದೆ. ಎಂದರೆ ಕುಡಿತವು ಸರಪಳಿಯ ಒಂದು ಕೊಂಡಿ ಮಾತ್ರ. ಅದನ್ನು ಕಳಚಿದರೂ ಉಳಿದುವು ಇದ್ದೇ ಇರುತ್ತವೆ.

ಆಚಾರ್ಯ ಶಾಂತಿಸಾಗರರ ಭೋಜ ಗ್ರಾಮವಿರುವ ನಿಪ್ಪಾಣಿ, ಅಕ್ಕೋಳದ ಸೀಮೆಯಲ್ಲಿ ಶ್ರಾವಕನಿಗೆ ಮದ್ಯತ್ಯಾಗ ಮೊದಲ ಮೆಟ್ಟಿಲು. ವ್ರತವೇನೋ ದೊಡ್ಡದು. ಆದರೆ ‘ಕುಡಿದಿದ್ದ, ಅದಕ್ಕೇ ಹೊಡೆದ’ ಎಂದು ನೆರೆಹೊರೆ ಕೊಡುವ ಕ್ಷಮೆಯೂ, ‘ಕುಡಿಯುವವನಲ್ಲ, ಹೊಡೆದರೇನಾಯಿತು’ ಎಂದು ಹಿರಿಯರು ಮಗಳಿಗೆ ಹೇಳಿ ಮರಳಿ ಕಳಿಸುವ ಬುದ್ಧಿಮಾತೂ ಶಾಸ್ತ್ರದ ಈ ಸರಪಳಿಯನ್ನು ಓದದವರ ಮಾತುಗಳು.

ಮತ್ತೆ ಯಶೋಧರನ ಕಡೆಗೆ. ಆ ಇರುಳು ಅವನು ಮರೆಯಲ್ಲಿ ನಿಂತು ಎಲ್ಲವನ್ನೂ ಕಂಡವನು. ಕತ್ತಿಯೆತ್ತಿ, ತಡೆದುಕೊಂಡು ಹಿಂದಿರುಗಿದ. ಅವನ ಸಂಯಮವನ್ನು ಹೊಗಳುವ ಭರದಲ್ಲಿ, ಕಣ್ಣೆದುರಿನಲ್ಲಿ ಪೆಟ್ಟು ತಿನ್ನುತ್ತಿದ್ದ ಹೆಂಗಸೊಬ್ಬಳ ನೋವು ಅವನ ಆಲೋಚನೆಯಲ್ಲಿ ಬಂದಿತೇ ಎಂದು ಯಾರೂ ಕೇಳಿಲ್ಲ. ಮರುದಿನ ಅವನು ಸರಸದ ನೆಪದಲ್ಲಿ ಅವಳನ್ನು ನೈದಿಲೆಯ ಹೂವಿನಿಂದ ಹೊಡೆಯುತ್ತಾನೆ; ಅವಳು ಮೂರ್ಛೆ ಬಂದಂತೆ ಬೀಳುತ್ತಾಳೆ. ಮಾವಟಿಗನ ಪೆಟ್ಟು ತಾಳಿದವಳು ಹೂವಿಗೆ ಬಿದ್ದಳೆಂಬ ವ್ಯಂಗ್ಯಕ್ಕೆ ಓದುಗರು ನಗುತ್ತ ಬಂದಿದ್ದಾರೆ. ಆದರೆ ಇದು ಹಿಟ್ಟಿನ ಕೋಳಿಯನ್ನು ಸಂಕಲ್ಪದಿಂದ ಕಡಿದ ಮಾತ್ರಕ್ಕೆ ಜನ್ಮಜನ್ಮಗಳ ಹಿಂಸಾಫಲವನ್ನು ಎಣಿಸುವ ಕಾವ್ಯ. ಆ ಲೆಕ್ಕದಲ್ಲಿ ನೈದಿಲೆಯ ಏಟೂ ಏಟೇ.