ಕೊಟ್ಟ ನಾಯಿ

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ನಮ್ಮಲ್ಲಿದೆ. ಹೆಣ್ಣು ಹೆತ್ತವರು ಯಾರೂ ಅದನ್ನು ಮನಸಾರೆ ಒಪ್ಪಿದ್ದನ್ನು ನಾನು ಕಂಡಿಲ್ಲ. ಕೊಟ್ಟ ಸಾಲ, ಕೊಟ್ಟ ಪುಸ್ತಕ, ಕೊಟ್ಟ ಮಾತು ಇವುಗಳಿಗೂ ಲೋಕದಲ್ಲಿ ಒಂದೊಂದು ಕಟ್ಟಳೆಯುಂಟು. ಆದರೆ ಕೊಟ್ಟ ನಾಯಿಯ ಮಾತೇನು? ಅದರ ಕಾಲು ಸೋತ ದಿನ ಅದು ಯಾರ ಮನೆಯ ನಾಯಿ? ಕಳೆದ ತಿಂಗಳು ಈ ಪ್ರಶ್ನೆ ನಮ್ಮ ಬಾಗಿಲಿಗೇ ಬಂದು ನಿಂತಿತು.

ಭೀಮ ನಮ್ಮಲ್ಲಿ ಆರು ವರ್ಷ ಬೆಳೆದ ಅಲ್ಸೇಷನ್. ಮಂಡ್ಯದಲ್ಲಿ ನಾವಿದ್ದ ಹಿತ್ತಿಲ ಮನೆಯನ್ನು ಮಾಲೀಕರು ಕೆಡವಿಸಿದಾಗ ನಮಗೆ ಸಿಕ್ಕಿದ್ದು ಎರಡನೆಯ ಮಹಡಿಯ ಬಾಡಿಗೆ ಮನೆ. ಮಳವಳ್ಳಿಯ ಹತ್ತಿರ ತೋಟ ಮಾಡಿಕೊಂಡಿದ್ದ ಪರಿಚಯದ ರೈತರೊಬ್ಬರು ಕಾವಲಿಗೆಂದು ಅವನನ್ನು ಸಂತೋಷದಿಂದಲೇ ಕರೆದೊಯ್ದರು. ಮೂರು ವರ್ಷ ಬಂದ ಸುದ್ದಿಯೆಲ್ಲ ಒಳ್ಳೆಯದೇ. ಈಗ ಫೋನು ಬಂತು: "ಮೇಷ್ಟ್ರೇ, ಭೀಮಂಗೆ ಹಿಂದ್ಗಾಲು ಬರ್ತಾ ಇಲ್ಲ. ನಿಮ್ ವಸ್ತ ನಿಮ್ಗೆ ಒಪ್ಪುಸ್ಬುಟ್ರೆ ನಾನು ನಿರುಂಬಳ."

ನನ್ನಾಕೆ ಆ ಕೂಡಲೇ ಅವನ ಹಳೆಯ ಕಂಬಳಿಯನ್ನು ಹುಡುಕಿ ಬಿಸಿಲಿಗೆ ಹಾಕಿದಳು. ನಾನು ಮೆಟ್ಟಿಲು ಎಣಿಸಿದೆ, ಮೂವತ್ತೆರಡು. ಒಳಗೆ ಕಾಲಿಟ್ಟರೆ ಜಾರುವ ನುಣುಪು ನೆಲ. ಅಷ್ಟು ದೊಡ್ಡ ನಾಯಿಯನ್ನು ದಿನಕ್ಕೆ ಮೂರು ಸಲ ಹೊತ್ತು ಇಳಿಸಿ ಹತ್ತಿಸುವ ಭೀಮಬಲ ನಮ್ಮಿಬ್ಬರಲ್ಲಿ ಯಾರಿಗೂ ಇಲ್ಲ. "ಬೇಡವೆಂದರೆ ಅವರು ಎಲ್ಲಿಯಾದರೂ ಬಿಟ್ಟುಬಿಟ್ಟರೆ?" ಎಂದಳು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಭಾನುವಾರ ಕಂಬಳಿಯನ್ನು ಚೀಲಕ್ಕೆ ತುಂಬಿಕೊಂಡು ಇಬ್ಬರೂ ಹೊರಟೆವು. ಮದ್ದೂರಿನಲ್ಲಿ ಇಳಿದು ಮಳವಳ್ಳಿಯ ಬಸ್ಸಿಗೆ ಕಾಯುವಾಗ, ಕನ್ನಡದ ಮೇಷ್ಟರಿಗೆ ಆ ತಾಲೂಕಿನಲ್ಲಿ ನೆನಪಾಗಲೇಬೇಕಾದ ಇನ್ನೊಂದು ಕೊಟ್ಟ ನಾಯಿ ನೆನಪಾಯಿತು. ಆತಕೂರು ಅದೇ ತಾಲೂಕಿನ ಊರು. ಅಲ್ಲಿಯ ಶಾಸನದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಶಕ ವರ್ಷ 872, ಅಂದರೆ ಕ್ರಿ.ಶ. 949-50. ಗಂಗರ ಬೂತುಗನ ಬಂಟ ಮಣಲೇರ. ತಕ್ಕೋಲದ ಕಾಳಗದಲ್ಲಿ ಅವನ ಪರಾಕ್ರಮಕ್ಕೆ ಮೆಚ್ಚಿದ ಒಡೆಯ ಬೇಕಾದುದನ್ನು ಬೇಡಿಕೊ ಎಂದಾಗ, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು! ಮುಂದೆ ಬೆಳತೂರಿನ ಬೆಟ್ಟದ ಬಳಿ ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ನಾಯಿ, ಹಂದಿ ಎರಡೂ ಹೋರಾಡಿ ಸತ್ತವು. ಮಣಲೇರ ಆತಕೂರಿನ ದೇಗುಲದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಟ್ಟುವುದೆಂದೂ ಬರೆಸಿದ.

ಕಲ್ಲು ನಿಲ್ಲಿಸಿದವನು ಕೊಟ್ಟವನಲ್ಲ, ಪಡೆದವನು. ನ್ಯಾಯ ಅಲ್ಲಿಗೆ ಮುಗಿಯಿತೆನ್ನೋಣವೇ? ಕಾಳಿಯದು ವೀರಮರಣ, ವೀರರಿಗೆ ಕಲ್ಲು ಸಾಕು. ಕೀಲು ಸವೆದು ದಿನದಿನಕ್ಕೂ ಕುಸಿಯುವ ನಾಯಿಗೆ ಬೇಕಾದದ್ದು ಬೆಳಗ್ಗೆ ಎದ್ದೇಳಿಸುವ ಒಂದು ಜೊತೆ ಕೈ. ಆ ಕೈ ಯಾರದಿರಬೇಕೆಂದು ಶಾಸನ ಹೇಳುವುದಿಲ್ಲ.

ತೋಟದ ಅಂಗಳದಲ್ಲಿ ಭೀಮ ನಮ್ಮನ್ನು ಕಂಡು ಮುಂಗಾಲಿನ ಮೇಲೆ ಎದ್ದ; ಹಿಂಗಾಲು ಏಳಲೊಲ್ಲದು. ಹಾಗೆಯೇ ತೆವಳಿ ಬಂದು ನನ್ನಾಕೆಯ ಕೈ ನೆಕ್ಕಿದ. ಅಷ್ಟರಲ್ಲಿ ಒಳಗೆ ರೈತರ ತಾಯಿ ತಟ್ಟೆ ಬಡಿದರು. ಭೀಮ ತಿರುಗಿದ, ಕಷ್ಟಪಟ್ಟು ಹೊಸ್ತಿಲವರೆಗೆ ಹೋಗಿ ಅಜ್ಜಿಯ ಕಾಲ ಬಳಿ ಮಲಗಿದ. ನನ್ನಾಕೆ ಚಾಚಿದ ಕೈ ಹಾಗೆಯೇ ಉಳಿಯಿತು.

ಗೂಡ್ಸ್ ಆಟೋದಲ್ಲಿ ಮಳವಳ್ಳಿಯ ಪಶುವೈದ್ಯರಲ್ಲಿಗೆ ಹೋದೆವು. ಇದು ಈ ತಳಿಯಲ್ಲೇ ಬರುವ ದೋಷ ಎಂದರು. ತೊಡೆಮೂಳೆಯ ಗುಂಡು ಸೊಂಟದ ಗುಳಿಯಲ್ಲಿ ಸರಿಯಾಗಿ ಕೂರುವುದಿಲ್ಲ. ವಯಸ್ಸಾದಂತೆ ಸವೆದು ನೋಯುತ್ತದೆ. ಪೂರ್ತಿ ವಾಸಿಯಾಗುವುದಲ್ಲ, ನೋವು ತಗ್ಗಿಸಬಹುದು. ತೂಕ ಇಳಿಯಬೇಕು, ಮೆಟ್ಟಿಲು ಹತ್ತಬಾರದು, ಜಾರುವ ನೆಲ ಕೂಡದು, ಮೆತ್ತನೆಯ ಮಣ್ಣಿನಲ್ಲಿ ಸ್ವಲ್ಪ ಸ್ವಲ್ಪ ನಡೆಯಬೇಕು. ನಾವು ನುಂಗುವ ನೋವಿನ ಗುಳಿಗೆಯನ್ನು ಮಾತ್ರ ಕೊಡಲೇಬೇಡಿ, ನಾಯಿಗೆ ಅದು ವಿಷವಾದೀತು ಎಂದರು.

ತಳಿಯ ದೋಷ ಎಂದು ಕೇಳಿದ ಮೇಲೆ ರೈತರು ಬಾಯಿಬಿಟ್ಟರು: "ನಮ್ ಕೈಲಿ ಅವ್ನು ಹೋದ್ರೆ, ಮೇಷ್ಟ್ರು ನಾಯಿನ ಸರ್ಯಾಗ್ ನೋಡ್ಕಳ್ನಿಲ್ಲ ಅಂತ ಮಾತ್ ಬರ್ಬಾರ್ದು ನೋಡಿ." ಅವರಿಗೆ ನಾಯಿ ಭಾರವಾಗಿರಲಿಲ್ಲ, ಅಪವಾದ ಭಾರವಾಗಿತ್ತು. ಮನೆಗೆ ಮರಳಿದಾಗ ಅಜ್ಜಿ ಇನ್ನೂ ನೇರವಾಗಿ ಕೇಳಿದರು: "ಅವನ್ನ ಎತ್ಲಾಗ್ ಕಳ್ಸೀಯೆ? ನಾನೂ ಮಂಡಿ ಹಿಡ್ಕಂಡೇ ಏಳೋದು. ಅಂಗಾದ್ರೆ ನನ್ನೂ ಕಳ್ಸ್ಬುಡು."

ಮಗ ನಕ್ಕರು. ನನ್ನಾಕೆ ನಗಲಿಲ್ಲ. ಬಹಳ ಹೊತ್ತು ಭೀಮನ ತಲೆ ಸವರುತ್ತ ಕೂತಿದ್ದು, ಚೀಲದಿಂದ ಕಂಬಳಿ ತೆಗೆದು ಅಜ್ಜಿಯ ಕೈಗೆ ಕೊಟ್ಟಳು. ತೀರ್ಮಾನ ಅದೇ.

ಭೀಮ ಅಲ್ಲಿಯೇ ಇದ್ದಾನೆ. ಔಷಧಿಯ ಖರ್ಚು ನಮ್ಮದು. ಊಟದ ಮಾತೆತ್ತಿದ್ದಕ್ಕೆ ರೈತರು ಸಿಟ್ಟಾದರು. ತಿಂಗಳಿಗೊಂದು ಸಲ ನಾವು ಹೋಗಿ ವೈದ್ಯರಿಗೆ ತೋರಿಸಬೇಕು. ನೋವು ಔಷಧಿಗೂ ಮೀರಿದ ದಿನ ಏನು ಮಾಡಬೇಕೆಂಬುದನ್ನು ಎರಡು ಮನೆಯವರೂ ಸೇರಿಯೇ ನಿರ್ಧರಿಸಬೇಕು. ಒಬ್ಬರ ತಲೆಗೆ ಹೊರಿಸುವಂತಿಲ್ಲ. ಕೊಟ್ಟವರೆಂದು ನಾವು ಅವನನ್ನು ಹಿಂದಕ್ಕೆ ಕೇಳುವಂತಿಲ್ಲ, ಕೊಟ್ಟಾಯಿತಲ್ಲ ಎಂದು ಸುಮ್ಮನಿರುವಂತೆಯೂ ಇಲ್ಲ.

ಸದ್ಯಕ್ಕೆ ಉಳಿದಿರುವ ತೊಡಕು ಒಂದೇ. ಭೀಮನ ತೂಕ ಇಳಿಯಬೇಕಾದರೆ ರಾಗಿಮುದ್ದೆ ಅರ್ಧಕ್ಕೆ ಇಳಿಯಬೇಕು. ಅದಕ್ಕೆ ಅಜ್ಜಿಯನ್ನು ಒಪ್ಪಿಸುವ ಕೆಲಸವನ್ನು ವೈದ್ಯರು ನನಗೇ ಬಿಟ್ಟಿದ್ದಾರೆ.