ಒಂದು ರಜೆ, ಎರಡು ಮೃಗಾಲಯ

ಮಕ್ಕಳಿಗೆ ಮಾತು ಕೊಡುವುದು ಸುಲಭ. ದಿನ ಕೊಡುವುದು ಕಷ್ಟ. ಮೌಲ್ಯಮಾಪನದ ನಡುವೆ ನನಗೆ ದೊರೆತದ್ದು ಒಂದೇ ರಜೆ. ಎರಡು ಮೃಗಾಲಯಗಳಿಗೂ ಮಂಗಳವಾರ ಬಿಡುವು. ನನ್ನದು ಪುಣ್ಯಕ್ಕೆ ಬುಧವಾರ. ಮಗನಿಗೆ ಬನ್ನೇರುಘಟ್ಟ ಬೇಕು, ಎಂಬತ್ತು ದಾಟಿದ ನಮ್ಮ ತಂದೆಯವರಿಗೆ ಮೈಸೂರು.

"ಅಲ್ಲಿ ಸಿಂಹ ಬಯಲಲ್ಲಿರುತ್ತೆ ತಾತ, ಜಾಲರಿ ಬಸ್ಸೊಳಗಿರೋದು ನಾವು!"

"ಇಳಿಯೋ ಹಾಗಿಲ್ಲವಲ್ಲೋ. ಮೈಸೂರಲ್ಲಾದರೆ ಬೇಕಾದಲ್ಲಿ ನಿಲ್ಲಬಹುದು."

ನಾನು ಮೇಷ್ಟರ ಚಾಳಿಯಂತೆ ತೂಗಿ ನೋಡಿದೆ. ಬನ್ನೇರುಘಟ್ಟ ಬೆಂಗಳೂರಿನ ಮಗ್ಗುಲಿಗೇ ಇದೆ. ಮೈಸೂರು ಸುಮಾರು 140 ಕಿಲೋಮೀಟರು. 1892ರಲ್ಲಿ ಚಾಮರಾಜೇಂದ್ರ ಒಡೆಯರು ಸ್ಥಾಪಿಸಿದ ಆ ತೋಟವನ್ನು ಸುತ್ತುವಷ್ಟು ಶಕ್ತಿ ತಂದೆಯವರ ಮಂಡಿಗಿಲ್ಲ. ಲೆಕ್ಕವೆಲ್ಲ ಮಗನ ಕಡೆಗೇ.

ಆಗ ತಂದೆ ಮೆಲ್ಲಗೆ, "ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹುಲಿ ತೋರಿಸಿದ್ದು ಅಲ್ಲೇ ಕಣಪ್ಪ" ಎಂದರು.

ಹುಲಿ ನನಗೆ ನೆನಪಿಲ್ಲ. ಆ ಹೆಗಲು ಚೆನ್ನಾಗಿ ನೆನಪಿದೆ. ಮೈಸೂರಿಗೇ ಹೊರಟೆವು.

ತಂದೆಯವರು ಕಲ್ಲುಬೆಂಚು ಕಂಡಲ್ಲೆಲ್ಲ ಕುಳಿತರು. ಮುಖ ಊದಿಸಿಕೊಂಡು ಬಂದ ಮಗ ಮಧ್ಯಾಹ್ನದ ಹೊತ್ತಿಗೆ ತಾನೇ ಅವರ ಕೈಹಿಡಿದು ನಡೆಸುತ್ತಿದ್ದ. ಅರ್ಧವನ್ನೂ ನೋಡಲಾಗಲಿಲ್ಲ.

"ಉಳಿದದ್ದನ್ನ ಮುಂದಿನ ವರ್ಷ ನೋಡೋಣ ತಾತ" ಎಂದ.

ತಂದೆಯವರು ನಕ್ಕು, ಅವನ ತಲೆ ಸವರಿದರು.