ಮಲಬಾರಿನ ತೇಗ, ಇಂಗ್ಲೆಂಡಿನ ಮಳೆ

ಇಂಗ್ಲೆಂಡಿನ ಈಶಾನ್ಯ ತೀರದಲ್ಲಿ ಹಾರ್ಟಲ್‌ಪೂಲ್ ಎಂಬ ಬಂದರು ಊರಿದೆ. ಉತ್ತರ ಸಮುದ್ರದ ಕಡೆಯಿಂದ ಬೀಸುವ ಕೊರೆಯುವ ಗಾಳಿ, ಬೇಸಿಗೆಯಲ್ಲೂ ಹೇಳದೆ ಕೇಳದೆ ಬರುವ ಜಿಟಿಜಿಟಿ ಮಳೆ. ಅಲ್ಲಿನ ಹಳೆಯ ಹಡಗುಕಟ್ಟೆಯ ನೀರಿನಲ್ಲಿ ಮೂರು ಹಾಯಿಕಂಬಗಳ ಮರದ ಯುದ್ಧನೌಕೆಯೊಂದು ನಿಂತಿದೆ. ಹೆಸರು ಟ್ರಿಂಕೋಮಲಿ. ಹುಟ್ಟೂರು ಮಾತ್ರ ನಮ್ಮ ಮುಂಬಯಿ!

1817ರ ಅಕ್ಟೋಬರ್ 12ರಂದು ಮುಂಬಯಿಯ ಹಡಗುಕಟ್ಟೆಯಲ್ಲಿ ಅದು ನೀರಿಗಿಳಿಯಿತು. ಕಟ್ಟಿದವರು ಪಾರಸಿಗಳ ಹೆಸರಾಂತ ವಾಡಿಯಾ ಮನೆತನದ ಜಮ್‌ಶೇಟ್‌ಜಿ ಬೊಮನ್‌ಜಿ. ಮರ ಮಲಬಾರಿನ ತೇಗ. ನೆಪೋಲಿಯನ್ನನೊಂದಿಗಿನ ಯುದ್ಧಗಳ ಕಾಲದಲ್ಲಿ ಇಂಗ್ಲೆಂಡಿಗೆ ಓಕ್ ಮರದ ಅಭಾವ ತಟ್ಟಿದ್ದೇ ಇದಕ್ಕೆ ಕಾರಣ. ಹಡಗಿನ ನಕ್ಷೆಗಳ ಕಥೆಯಂತೂ ಇನ್ನೂ ಸ್ವಾರಸ್ಯ. ಅವನ್ನು ಹೊತ್ತು ಹೊರಟಿದ್ದ ಜಾವಾ ಎಂಬ ಹಡಗನ್ನು 1812ರಲ್ಲಿ ಅಮೆರಿಕದ ಕಾನ್‌ಸ್ಟಿಟ್ಯೂಷನ್ ನೌಕೆ ಸೋಲಿಸಿ ನಾಶಮಾಡಿತು. ಮತ್ತೊಂದು ಪ್ರತಿ ಕಳಿಸಬೇಕಾಯಿತು. ಕಾನ್‌ಸ್ಟಿಟ್ಯೂಷನ್ ಕೂಡ ಬಾಸ್ಟನ್ನಿನಲ್ಲಿ ಇಂದಿಗೂ ತೇಲುತ್ತಿದೆ.

ತೇಲುತ್ತಿರುವ ಬ್ರಿಟಿಷ್ ಯುದ್ಧನೌಕೆಗಳಲ್ಲಿ ಟ್ರಿಂಕೋಮಲಿಯೇ ಅತ್ಯಂತ ಹಳೆಯದು. ಮರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮೂಲದ್ದೇ ಉಳಿದಿದೆ. ತೇಗದಲ್ಲಿ ಸಹಜವಾಗಿಯೇ ಎಣ್ಣೆಯಂಶವಿದೆ. ನೀರು ಬೇಗ ಒಳಗಿಳಿಯದು, ಗೆದ್ದಲು ಹತ್ತಿರ ಸುಳಿಯದು. ಓಕ್ ಮರದ ಆಮ್ಲ ಕಬ್ಬಿಣದ ಮೊಳೆಯನ್ನು ತಿನ್ನುವಂತೆ ತೇಗ ತಿನ್ನುವುದಿಲ್ಲ.

ಆದರೆ ಮರ ಎಷ್ಟೇ ಗಟ್ಟಿಯಾಗಿದ್ದರೂ ಹಲಗೆ ಹಲಗೆಯ ನಡುವೆ ಸಂದು ಇದ್ದೇ ಇರುತ್ತದಲ್ಲ? ಹಡಗಿನ ಡೆಕ್ ಎಂದರೆ ಬಿಸಿಲು ಮಳೆಗೆ ಮೈಯೊಡ್ಡಿದ ಹಲಗೆಹಾಸು. ಬಿಸಿಲಿಗೆ ಹಲಗೆ ಕುಗ್ಗುತ್ತದೆ, ನೀರು ಕುಡಿದರೆ ಹಿಗ್ಗುತ್ತದೆ. ಬಣ್ಣ ಬಳಿದರೆ ಸಾಲದೇ ಎಂದು ಯಾರಾದರೂ ಕೇಳಬಹುದು. ಸಾಲದು. ಹಿಗ್ಗಿ ಕುಗ್ಗುವ ಮರದ ಮೇಲೆ ಬಣ್ಣದ ಪದರ ಬಿರಿಯುತ್ತದೆ. ಬಿರುಕಿನಲ್ಲಿ ಇಳಿದ ನೀರಿಗೆ ಹೊರಬರಲು ದಾರಿಯಿಲ್ಲದೆ ಅಲ್ಲೇ ಕೂರುತ್ತದೆ. ಬಣ್ಣವಿಲ್ಲದಿದ್ದರೆ ಒಣಗುತ್ತಿದ್ದ ಹಲಗೆ ಬಣ್ಣದ ಅಡಿಯಲ್ಲಿ ಕೊಳೆಯುತ್ತದೆ.

ಹಳಬರು ಕಂಡುಕೊಂಡ ಉಪಾಯ ಬೇರೆ. ಹಲಗೆಯನ್ನು ಅದರ ಪಾಡಿಗೆ ಬಿಟ್ಟು ಸಂದನ್ನು ಮುಚ್ಚುವುದು. ಹಲಗೆಯ ಅಂಚನ್ನು ಚೂರು ಓರೆಯಾಗಿ ಕೆತ್ತಿ, ಎರಡರ ನಡುವೆ ಮೇಲೆ ಅಗಲ, ಕೆಳಗೆ ಕಿರಿದಾದ ಸಂದು ಬಿಡುತ್ತಿದ್ದರು. ಟಾರು ಹಿಡಿದ ಸೆಣಬಿನ ನಾರನ್ನು ಬತ್ತಿಯಂತೆ ಹೊಸೆದು, ಮೊಂಡಾದ ಉಳಿ ಇಟ್ಟು ಮರದ ಸುತ್ತಿಗೆಯಿಂದ ಪದರ ಪದರವಾಗಿ ಬಡಿದು ಸಂದಿಗೆ ತುಂಬುತ್ತಿದ್ದರು. ಅದರ ಮೇಲೆ ಕಾಯಿಸಿದ ಕಪ್ಪು ರಾಳ ಹೊಯ್ದು, ಆರಿದ ಮೇಲೆ ಹೆಚ್ಚಿದ್ದನ್ನು ಕೆರೆದು ತೆಗೆಯುತ್ತಿದ್ದರು. ಹಲಗೆ ಹಿಗ್ಗಿದಾಗ ನಾರು ಒತ್ತಿಕೊಳ್ಳುತ್ತದೆ, ಕುಗ್ಗಿದಾಗ ರಾಳ ಜೊತೆಗೇ ಎಳೆದುಕೊಳ್ಳುತ್ತದೆ. ಬಡಿತ ಸಡಿಲವಾದರೆ ನೀರು ನುಸುಳುತ್ತದೆ; ಅತಿಯಾದರೆ ನಾರು ಸಂದಿನ ಕೆಳಗಿನಿಂದ ಹೊರಬೀಳುತ್ತದೆ. ಕೈ ಪಳಗದೆ ಬರುವ ವಿದ್ಯೆಯಲ್ಲ. ಆ ನಾರು ಬರುತ್ತಿದ್ದುದಾದರೂ ಎಲ್ಲಿಂದ? ಹಡಗಿನ ಹಳೆಯ ಹಗ್ಗದಿಂದ. ಅದನ್ನು ಎಳೆ ಎಳೆಯಾಗಿ ಬಿಡಿಸುವ ಕೆಲಸವನ್ನು 19ನೆಯ ಶತಮಾನದ ಇಂಗ್ಲೆಂಡ್ ಸೆರೆಮನೆಯ ಕೈದಿಗಳಿಗೂ ಬಡವರ ದುಡಿಮೆಮನೆಗಳಿಗೂ ಒಪ್ಪಿಸಿತ್ತು. ಬೆರಳು ಕಿತ್ತುಬರುವ ಕೆಲಸ. ಹಡಗಿನ ವೈಭವದ ಚಿತ್ರಗಳಲ್ಲಿ ಇದು ಕಾಣುವುದಿಲ್ಲ.

ಇನ್ನೊಂದು ಸಂಗತಿ ಮಕ್ಕಳಿಗೆ ಅಚ್ಚರಿ ತರಿಸೀತು. ಹಡಗಿನ ಮರಕ್ಕೆ ಕಡಲ ನೀರಿಗಿಂತ ಮಳೆನೀರೇ ದೊಡ್ಡ ಶತ್ರು. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಉಪ್ಪು ಆಗಿಬರದು. ನಾವಿಕರು ಡೆಕ್ಕನ್ನು ಕಡಲ ನೀರಿನಿಂದ ತೊಳೆದು ಕಲ್ಲಿನಿಂದ ಉಜ್ಜುತ್ತಿದ್ದುದು ಬರಿಯ ಶಿಸ್ತಿಗಲ್ಲ. ಉಪ್ಪು ಮರಕ್ಕೆ ಇಳಿಯುತ್ತಿತ್ತು, ಹಲಗೆ ಉಬ್ಬಿ ಸಂದು ಬಿಗಿಯಾಗಿರುತ್ತಿತ್ತು. ಬಂದರಿನಲ್ಲಿ ಸುಮ್ಮನೆ ನಿಂತ ಹಡಗಿಗೆ ಆ ಸ್ನಾನವಿಲ್ಲ, ಬರಿಯ ಮಳೆ. 1922ರಿಂದ ಪೋರ್ಟ್ಸ್‌ಮತ್‌ನ ಒಣಕಟ್ಟೆಯಲ್ಲಿರುವ ನೆಲ್ಸನ್ನನ ವಿಕ್ಟರಿ ನೌಕೆಯಲ್ಲಿ ಕೊಳೆತ ಹಲಗೆಗಳನ್ನು ಕಿತ್ತು ಬದಲಿಸುವ ಭಾರಿ ರಿಪೇರಿ 2022ರಲ್ಲಿ ಆರಂಭವಾಯಿತು. ಮರದ ತೇವ ನೂರಕ್ಕೆ 20ಕ್ಕಿಂತ ಕೆಳಗಿದ್ದರೆ ಶಿಲೀಂಧ್ರ ಬೆಳೆಯಲಾರದು. ಮೇಲಿನ ಒಂದು ಸಂದು ಬಿಟ್ಟುಕೊಂಡರೆ ಕೆಳಗಿನ ತೊಲೆಯ ತುದಿ ಹನಿಹನಿಯಾಗಿ ಕುಡಿಯುತ್ತಲೇ ಇರುತ್ತದೆ. ಮರ ಅತಿ ಹೆಚ್ಚು ನೀರು ಹೀರುವುದೇ ಕೊಯ್ದ ತುದಿಯಲ್ಲಿ.

ನಮ್ಮ ಕರಾವಳಿಯ ದೋಣಿಗಾರರಿಗೆ ಇದು ಹೊಸತೇನಲ್ಲ. ಮರದ ದೋಣಿಯ ಸಂದಿಗೆ ಹತ್ತಿ ತುಂಬಿ, ಮೈಗೆ ಮೀನೆಣ್ಣೆಯನ್ನೋ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ತಿಕ್ಕುತ್ತಿದ್ದರು. ಇದು ಮೇಲೆ ಕೂರುವ ಪದರವಲ್ಲ, ಮರದೊಳಕ್ಕೆ ಇಳಿಯುವ ಎಣ್ಣೆ. ಆದ್ದರಿಂದಲೇ ಮತ್ತೆ ಮತ್ತೆ ಹಚ್ಚಬೇಕು. ಮನೆಯ ಮುಂದೆ ಬಯಲಿನಲ್ಲಿ ಮರದ ಹಲಗೆ ಹಾಸಿದವರೂ ಒಂದು ಪರೀಕ್ಷೆ ಮಾಡಿ ನೋಡಬಹುದು. ಒಣ ಹಲಗೆಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ಹನಿ ಮುತ್ತಿನಂತೆ ನಿಂತರೆ ಚಿಂತೆಯಿಲ್ಲ. ಹರಡಿ ಇಂಗಿ ಹಲಗೆ ಕಪ್ಪಾದರೆ ಮಳೆಗಾಲಕ್ಕೆ ಮೊದಲೇ ಚೆನ್ನಾಗಿ ಒಣಗಿಸಿ ಎಣ್ಣೆ ಕುಡಿಸಬೇಕು. ಕೊಯ್ದ ತುದಿಗಳಿಗೆ ಎರಡು ಸಲ.

ಟ್ರಿಂಕೋಮಲಿಯನ್ನು 1897ರಲ್ಲಿ ಖರೀದಿಸಿ, ಫುಡ್ರಾಯಂಟ್ ಎಂದು ಹೆಸರಿಟ್ಟು, 1986ರವರೆಗೂ ಹುಡುಗರ ತರಬೇತಿಗೆ ಬಳಸಿದರು. 1987ರಲ್ಲಿ ಅದು ಹಾರ್ಟಲ್‌ಪೂಲಿಗೆ ಬಂತು. ದುರಸ್ತಿ ಮುಗಿಯಲು 2001ರವರೆಗೆ ಕಾಯಬೇಕಾಯಿತು. ಮುಂಬಯಿಯಲ್ಲಿ ಪಡೆದ ಹೆಸರೂ ಮರಳಿ ಬಂತು. ಇಂದು ಅಲ್ಲಿ ಅದೊಂದು ವಸ್ತುಸಂಗ್ರಹಾಲಯ. ಬರುವವರ ಕಣ್ಣು ಮೊದಲು ಹೋಗುವುದು ಫಿರಂಗಿಗಳ ಕಡೆಗೆ. ಹಡಗನ್ನು ಕಾಯುವವರ ಕಣ್ಣು ಮಾತ್ರ ಕಾಲಡಿಯ ಸಂದುಗಳ ಮೇಲಿರುತ್ತದೆ.